ಒಂದೇ ಕಟ್ಟಡ, ಮೂರು ಹೆಸರು: ಮುಂಬೈನ ಹಳೆಯ ಆರ್ಕಿಟೆಕ್ಟ್ ಕಚೇರಿಗಳ ಚರಿತ್ರೆ ಓದುವುದು ಹೇಗೆ?

ಪ್ರಶ್ನೆ: ನಮ್ಮ ತಾತ ಉಡುಪಿ ಕಡೆಯಿಂದ ಮುಂಬೈಗೆ ಹೋಗಿ ಫೋರ್ಟಿನ ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿ ಟ್ರೇಸರ್ (ನಕ್ಷೆಗಳನ್ನು ಶಾಯಿಯಲ್ಲಿ ಪ್ರತಿ ಮಾಡುವವರು) ಆಗಿದ್ದವರು. ಅವರ ಟ್ರಂಕಿನಲ್ಲಿ ನಕ್ಷೆಗಳ ಸುರುಳಿಗಳು ಸಿಕ್ಕಿವೆ. ಕೆಲವು ಗಂಜಿ ಹಾಕಿದ ಬಟ್ಟೆಯ ಹಾಗಿವೆ, ಕೆಲವು ಗಾಢ ನೀಲಿ ಕಾಗದ. ಒಂದೇ ಕಟ್ಟಡದ ನಕ್ಷೆಗಳಲ್ಲಿ ಕಚೇರಿಯ ಹೆಸರು ಮೂರು ಥರ ಇದೆ. ಇದರಲ್ಲಿ ಯಾವುದು ಸರಿ? ಇಂಥ ಹಳೆಯ ಕಚೇರಿಗಳ ಇತಿಹಾಸ ಹುಡುಕುವುದು ಹೇಗೆ? ನಕ್ಷೆಗಳನ್ನು ಏನು ಮಾಡಬೇಕು?

ಉತ್ತರ: ಸುರುಳಿಗಳನ್ನು ಬಲವಂತದಿಂದ ಬಿಚ್ಚಬೇಡಿ. ಇಸ್ತ್ರಿ ಪೆಟ್ಟಿಗೆ, ಸೆಲೋಟೇಪು, ಲ್ಯಾಮಿನೇಶನ್ ಈ ಮೂರೂ ಹತ್ತಿರ ಬರಕೂಡದು. ಆರೈಕೆಯ ವಿವರವನ್ನು ಮುಂದೆ ಹೇಳುತ್ತೇವೆ. ಮೊದಲು ಹೆಸರಿನ ವಿಷಯ.

ಮೂರು ಹೆಸರೂ ಸರಿ ಇರಬಹುದು. ಆರ್ಕಿಟೆಕ್ಟ್ ಕಚೇರಿ ಎಂದರೆ ಹೆಚ್ಚಾಗಿ ಪಾಲುದಾರಿಕೆ. ಹಿರಿಯರ ಹೆಸರು ಮೊದಲು ಬರುತ್ತದೆ. ಸಹಾಯಕನಾಗಿ ಸೇರಿದವನು ಕೆಲವು ವರ್ಷ ದುಡಿದು ಪಾಲುದಾರನಾದರೆ ಅವನ ಹೆಸರು ಕೊನೆಗೆ ಸೇರುತ್ತದೆ. ಹಿರಿಯರು ತೀರಿಕೊಂಡ ಮೇಲೂ ಗಿರಾಕಿಗಳು ಕೈಬಿಡದಿರಲಿ ಎಂದು ಅವರ ಹೆಸರು ಬೋರ್ಡಿನ ಮೇಲೆ ಹತ್ತಾರು ವರ್ಷ ಉಳಿಯುವುದೂ ಉಂಟು. ಹಾಗಾಗಿ ನಕ್ಷೆಯ ಮೇಲಿರುವ ಹೆಸರು ಆ ದಿನ ಆ ಕಚೇರಿಯನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನಷ್ಟೇ ಹೇಳುತ್ತದೆ. ಕಟ್ಟಡವನ್ನು ಯಾರು ಯೋಚಿಸಿದರು, ಯಾರು ಬರೆದರು ಎಂಬುದನ್ನು ಬೇರೆ ಕಡೆಯಿಂದ ತಿಳಿಯಬೇಕು.

ಮುಂಬೈ ಈ ಪಾಠಕ್ಕೆ ಒಳ್ಳೆಯ ಊರು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ ಊರಿಗೆ ಹಣ ಹರಿದು ಬಂತು. ಅದೇ ಹೊತ್ತಿಗೆ ಕೋಟೆಯ ಗೋಡೆಗಳನ್ನು ಕೆಡವಿದ್ದರಿಂದ ಕಟ್ಟಲು ಜಾಗ ಸಿಕ್ಕಿತು. ಆಗಿನ ದೊಡ್ಡ ಕಟ್ಟಡಗಳು ಬಹುಮಟ್ಟಿಗೆ ಸರ್ಕಾರದ ಲೋಕೋಪಯೋಗಿ ಇಲಾಖೆಯಿಂದ ಬಂದವು, ಇಲ್ಲವೇ ಇಂಗ್ಲೆಂಡಿನಿಂದ ಅಂಚೆಯಲ್ಲಿ ಬಂದವು. ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ರಾಜಾಬಾಯಿ ಗೋಪುರದ ವಿನ್ಯಾಸ ಮಾಡಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಮುಂಬೈಗೆ ಕಾಲಿಟ್ಟವರೇ ಅಲ್ಲ. ಇಂಥ ಕಟ್ಟಡಗಳಲ್ಲಿ ದೂರದ ನಕ್ಷೆಯನ್ನು ಇಲ್ಲಿನ ಕಲ್ಲಿಗೆ, ಇಲ್ಲಿನ ಮಳೆಗೆ ಹೊಂದಿಸುವ ಕೆಲಸವೆಲ್ಲ ಇಲ್ಲಿದ್ದವರ ಪಾಲಿಗೆ ಬರುತ್ತಿತ್ತು.

ಖಾಸಗಿ ಕಚೇರಿಗಳು ಎರಡು ದಾರಿಯಲ್ಲಿ ಬೆಳೆದವು. ಒಂದು, ಸರ್ಕಾರಿ ನೌಕರಿಯಿಂದ ಹೊರಬಂದವರದು. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ 1867ರಲ್ಲಿ ಇಲಾಖೆಯ ಕೆಲಸಕ್ಕೆ ಬಂದವರು. ವಿಕ್ಟೋರಿಯಾ ಟರ್ಮಿನಸ್, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅವರದು. ಕೆಲಸ 1878ರಲ್ಲಿ ಶುರುವಾಗಿ ಹತ್ತು ವರ್ಷ ಹಿಡಿಯಿತು. ಮುಂದೆ ಅವರು ಸ್ವಂತ ಕಚೇರಿ ನಡೆಸಿದರು. ನಿಲ್ದಾಣದ ಎದುರಿನ ಪಾಲಿಕೆಯ ಕಟ್ಟಡ 1893ರಲ್ಲಿ ಮುಗಿಯಿತು, ಚರ್ಚ್‌ಗೇಟಿನ ಬಿಬಿ ಅಂಡ್ ಸಿಐ (ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ) ರೈಲ್ವೆಯ ಕೇಂದ್ರ ಕಚೇರಿ 1899ರಲ್ಲಿ. 1900ರಲ್ಲಿ ಅವರು ಮುಂಬೈಯಲ್ಲೇ ತೀರಿಕೊಂಡರು. ಅವರ ಮಗ ಚಾರ್ಲ್ಸ್ ಸ್ಟೀವನ್ಸ್ ಅದೇ ಊರಿನಲ್ಲಿ ವೃತ್ತಿ ಮುಂದುವರಿಸಿ 1933ರಲ್ಲಿ ಕೊಲಾಬಾದ ರೀಗಲ್ ಚಿತ್ರಮಂದಿರ ಕಟ್ಟಿದರು. ತಂದೆಯದು ಗಾಥಿಕ್ ಕಮಾನು, ಪ್ರಾಣಿಗಳ ಕೆತ್ತನೆ, ಗುಮ್ಮಟ. ಮಗನದು ಕಾಂಕ್ರೀಟಿನ ಆರ್ಟ್ ಡೆಕೊ. ಹಾಗಾಗಿ ಬರೀ “ಸ್ಟೀವನ್ಸ್” ಎಂಬ ಹೆಸರು ಕಂಡ ಕೂಡಲೇ ತಂದೆಯ ಕಟ್ಟಡ ಎಂದು ಬರೆದುಬಿಡುವುದು ತಪ್ಪು. ಇನಿಶಿಯಲ್ ನೋಡಿ, ಇಸವಿ ನೋಡಿ.

ಎರಡನೆಯದು ಮೊದಲಿನಿಂದಲೂ ಪಾಲುದಾರಿಕೆಯಾಗಿ ನಡೆದ ಕಚೇರಿಗಳು. ಕಾಲಾಘೋಡಾದ ಕೆನೆಸೆತ್ ಎಲಿಯಾಹೂ ಸಿನಗಾಗ್ 1884ರದು. ಅದರ ವಾಸ್ತುಶಿಲ್ಪಿಗಳು ಗೋಸ್ಟ್ಲಿಂಗ್ ಅಂಡ್ ಮಾರಿಸ್. ಮುಂದೆ ಗೋಸ್ಟ್ಲಿಂಗ್ ಹೆಸರು ಬೇರೆ ಇಬ್ಬರ ಜೊತೆ ಕಾಣಿಸುತ್ತದೆ: ಗೋಸ್ಟ್ಲಿಂಗ್, ಚೇಂಬರ್ಸ್ ಅಂಡ್ ಫ್ರಿಚ್ಲೆ. ಈ ಚೇಂಬರ್ಸ್ ಎಂದರೆ 1903ರಲ್ಲಿ ತೆರೆದ ತಾಜ್ ಮಹಲ್ ಹೋಟೆಲಿನ ಕೆಲಸ ಮುಗಿಸಿಕೊಟ್ಟ ಡಬ್ಲ್ಯು. ಎ. ಚೇಂಬರ್ಸ್. ಮೂರನೆಯವರಾದ ಇ. ಡಬ್ಲ್ಯು. ಫ್ರಿಚ್ಲೆ ಅವರ ಒಂದು ಕಟ್ಟಡವನ್ನು ಕನ್ನಡಿಗರೆಲ್ಲ ನೋಡಿರುತ್ತಾರೆ, ಹೆಸರು ಗೊತ್ತಿಲ್ಲದೆ. ಮೈಸೂರಿನ ಲಲಿತಮಹಲ್ ಅವರ ವಿನ್ಯಾಸ. 1921ರ ನವೆಂಬರ್ 18ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಸ್ತಿಭಾರ ಹಾಕಿದರು. ಕಟ್ಟಿದ ಗುತ್ತಿಗೆದಾರರು ಬಿ. ಮುನಿವೆಂಕಟಪ್ಪ, ಖರ್ಚು 13 ಲಕ್ಷ ರೂಪಾಯಿ. ಎದುರಿಗೆ ನಿಂತು ನೋಡಿದರೆ ಜೋಡಿ ಜೋಡಿಯಾಗಿ ನಿಂತ ಅಯಾನಿಕ್ ಕಂಬಗಳು, ಮೇಲೆ ಲಂಡನ್ನಿನ ಸೇಂಟ್ ಪಾಲ್ಸ್ ನೆನಪಿಸುವ ಗುಮ್ಮಟ.

ಇದನ್ನು ಹೇಳಲು ಕಾರಣವಿದೆ. ನಮ್ಮ ಕಡೆಯ ದೊಡ್ಡ ಕಟ್ಟಡಗಳಲ್ಲಿ ಬಹಳಷ್ಟು ಸರ್ಕಾರಿ ಕೈಯಿಂದ ಬಂದವು. ಅಂಬಾವಿಲಾಸ ಅರಮನೆಯ ಹೆನ್ರಿ ಇರ್ವಿನ್ ಮದರಾಸು ಸರ್ಕಾರದ ಸಲಹಾ ವಾಸ್ತುಶಿಲ್ಪಿಯಾಗಿದ್ದವರು. 1939ರಲ್ಲಿ ಬಂದ ಆಟೊ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿ. ವಿಧಾನಸೌಧದ ಬಿ. ಆರ್. ಮಾಣಿಕಂ ಕೂಡ ಸರ್ಕಾರದ ಸೇವೆಯಲ್ಲಿದ್ದವರು. ಸರ್ಕಾರಿ ಕಟ್ಟಡವಾದರೆ ಕಡತ ಪತ್ರಾಗಾರದಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಖಾಸಗಿ ಕಚೇರಿಯ ಕಾಗದಪತ್ರ ಕೊನೆಯ ಪಾಲುದಾರ ಬಾಗಿಲು ಹಾಕಿದ ದಿನ ರದ್ದಿಗೆ ಹೋಗುತ್ತದೆ. ಉಳಿಯುವುದು ಹೀಗೆ ಯಾರದೋ ಟ್ರಂಕಿನಲ್ಲಿ. ನಿಮ್ಮ ತಾತನ ಸುರುಳಿಗಳ ಬೆಲೆ ಇರುವುದು ಇಲ್ಲೇ.

20ನೇ ಶತಮಾನದ ಮುಂಬೈ ಕಚೇರಿಗಳಲ್ಲಿ ಗ್ರೆಗ್ಸನ್, ಬ್ಯಾಟ್ಲಿ ಅಂಡ್ ಕಿಂಗ್ ಹೆಸರನ್ನು ಬಿಡುವಂತಿಲ್ಲ. ಕ್ಲಾಡ್ ಬ್ಯಾಟ್ಲಿ 1913ರಲ್ಲಿ ಇಂಗ್ಲೆಂಡಿನಿಂದ ಬಂದರು, 1917ರಿಂದ ಪಾಲುದಾರರು. ಜೊತೆಜೊತೆಗೆ ಮುಂಬೈನ ಕಲಾಶಾಲೆಯಾದ ಜೆ. ಜೆ. ಸ್ಕೂಲಿನಲ್ಲಿ ಪಾಠ ಹೇಳಿದರು. 1923ರಿಂದ 1943ರ ತನಕ ಅಲ್ಲಿನ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರು. ಹಳೆಯ ಭಾರತೀಯ ಕಟ್ಟಡಗಳನ್ನು ಅಳೆದು ಬರೆಯುವ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಹಚ್ಚಿದವರು ಇವರು. ಒಂದೇ ಕೈ ಕಚೇರಿಯನ್ನೂ ಶಾಲೆಯನ್ನೂ ನಡೆಸಿದ್ದರ ಪರಿಣಾಮವನ್ನು ಈ ಚರಿತ್ರೆ ಬರೆಯುವವರು ಸಾಕಷ್ಟು ಗಮನಿಸುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಒಬ್ಬನೇ ಗುರು ತಿದ್ದಿದ ಕೈಗಳು ಊರಿನ ಬೇರೆಬೇರೆ ಕಚೇರಿಗಳಿಗೆ ಹೋಗಿ ಕೂತವು. ಆದ್ದರಿಂದ ಇಬ್ಬರು ವಾಸ್ತುಶಿಲ್ಪಿಗಳ ನಕ್ಷೆಗಳಲ್ಲಿ ಅಕ್ಷರದ ಶೈಲಿ, ಉತ್ತರ ದಿಕ್ಕಿನ ಬಾಣ, ಮೆಟ್ಟಿಲು ತೋರಿಸುವ ಕ್ರಮ ಒಂದೇ ಥರ ಇದ್ದರೆ ಅದು ಒಂದೇ ಕಚೇರಿ ಎನ್ನುವುದಕ್ಕೆ ಸಾಕ್ಷಿಯಾಗದು.

ಭಾರತೀಯರ ಹೆಸರು ಬೋರ್ಡಿನ ಮೇಲೆ ಮೊದಲ ಸಾಲಿಗೆ ಬಂದದ್ದು 1930ರ ದಶಕದಲ್ಲಿ ಎದ್ದು ಕಾಣುತ್ತದೆ. ಫೋರ್ಟಿನ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಟ್ಟಡ ಮಾಸ್ಟರ್, ಸಾಠೆ ಅಂಡ್ ಭೂತಾ ಅವರದು. ಮುಖದ ಮೇಲಿನ ಶಿಲ್ಪ ಎನ್. ಜಿ. ಪಾನ್ಸರೆ ಅವರದು. 1938ರ ಈರೋಸ್ ಚಿತ್ರಮಂದಿರ ಸೊರಾಬ್ಜಿ ಭೆಡ್ವಾರ್ ಅವರದು. ಬ್ಯಾಕ್‌ಬೇಯಲ್ಲಿ ಸಮುದ್ರ ತುಂಬಿಸಿ ಪಡೆದ ನೆಲದಲ್ಲಿ ಸಾಲುಸಾಲಾಗಿ ಎದ್ದ ವಸತಿ ಕಟ್ಟಡಗಳು ಇಂಥ ಕಚೇರಿಗಳ ಅನ್ನದ ಬಟ್ಟಲು. ಆ ವಿಕ್ಟೋರಿಯನ್ ಮತ್ತು ಆರ್ಟ್ ಡೆಕೊ ಸಮೂಹಕ್ಕೆ 2018ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು.

ಈಗ ನಿಮ್ಮ ಸುರುಳಿಗೆ ಬರೋಣ. ನಕ್ಷೆಯ ಕೆಳಗಿನ ಬಲಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಚೌಕ ಇರುತ್ತದೆ. ಕೆಲಸದ ಹೆಸರು, ಮಾಲೀಕರು, ನಕ್ಷೆ ನಂಬರು, ಸ್ಕೇಲು, ತಾರೀಖು, ಕಚೇರಿಯ ಹೆಸರು ಮತ್ತು ವಿಳಾಸ, ಕೊನೆಗೆ ಬರೆದವರು, ಟ್ರೇಸ್ ಮಾಡಿದವರು, ತಾಳೆ ನೋಡಿದವರು ಎಂದು ಮೂರು ಪುಟ್ಟ ಖಾನೆ. ತಾರೀಖು ಇಲ್ಲದಿದ್ದರೂ ಈ ಚೌಕದಿಂದಲೇ ಕಾಲವನ್ನು ಬಹಳ ಮಟ್ಟಿಗೆ ಹಿಡಿಯಬಹುದು.

ಹೆಸರಿನ ಮುಂದಿನ ಬಿರುದು ನೋಡಿ. ಜೆ. ಜೆ. ಸ್ಕೂಲಿನ ಹಳೆಯ ವಿದ್ಯಾರ್ಥಿಗಳು 1917ರಲ್ಲಿ ಕಟ್ಟಿದ ಸಂಘ 1922ರಲ್ಲಿ ಬಾಂಬೆ ಆರ್ಕಿಟೆಕ್ಚರಲ್ ಅಸೋಸಿಯೇಶನ್ ಆಯಿತು, 1929ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಆಯಿತು. ಹಾಗಾಗಿ ಹೆಸರಿನ ಮುಂದೆ ಆ ಸಂಸ್ಥೆಯ ಸದಸ್ಯತ್ವ ಹೇಳುವ ಎಫ್‌ಐಐಎ ಅಥವಾ ಎಐಐಎ ಇದ್ದರೆ ಆ ಚೌಕ 1929ಕ್ಕಿಂತ ಹಳೆಯದಲ್ಲ. ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆಯಾದ ಆರ್‌ಐಬಿಎ ಕೊಡುವ ಬಿರುದಿನಿಂದ ಇಸವಿ ಸಿಗದು, ಅದು ಅದಕ್ಕೂ ಮುಂಚಿನಿಂದ ಇದೆ. ಸಿಎ ಎಂದು ಶುರುವಾಗಿ ಓರೆಗೆರೆಯ ನಂತರ ಇಸವಿಯ ಎರಡು ಅಂಕಿ ಬರುವ ನೋಂದಣಿ ಸಂಖ್ಯೆ ಇದ್ದರೆ ಅದು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ನಂತರದ ಮಾತು.

ವಿಳಾಸವೂ ಹಾಗೆಯೇ. ಹಾರ್ನ್‌ಬಿ ರೋಡ್ ಎಂದಿದ್ದರೆ ಅದು ದಾದಾಭಾಯಿ ನವರೋಜಿ ರಸ್ತೆಯ ಹಳೆಯ ಹೆಸರು. ಎಸ್ಪ್ಲನೇಡ್ ರೋಡ್ ಮಹಾತ್ಮ ಗಾಂಧಿ ರಸ್ತೆಯಾಯಿತು. “ಬಾಂಬೆ 1” ಎಂದಷ್ಟೇ ಇದ್ದರೆ ಪಿನ್‌ಕೋಡ್ ಬರುವ ಮುಂಚಿನ ವಲಯ ಸಂಖ್ಯೆ. 400001 ಎಂದಿದ್ದರೆ 1972ರ ಆಗಸ್ಟ್ ನಂತರದ್ದು. ಅಳತೆ ಅಡಿ ಇಂಚಿನಲ್ಲೋ ಮೀಟರಿನಲ್ಲೋ ಎಂಬುದು ಇನ್ನೊಂದು ಸುಳಿವು. ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಬಂತು. ಆದರೆ ಮೇಸ್ತ್ರಿಗಳಿಗಾಗಿ ಅಡಿ ಇಂಚಿನಲ್ಲಿ ಬರೆಯುವುದು ಆಮೇಲೂ ನಡೆದೇ ಇತ್ತು. ಅದಕ್ಕೇ ಮೀಟರ್ ಇದ್ದರೆ “1958ರ ನಂತರ” ಎಂದು ಧೈರ್ಯವಾಗಿ ಹೇಳಿ, ಅಡಿ ಇದ್ದರೆ “ಅದಕ್ಕೂ ಮುಂಚೆ” ಎಂದು ಹೇಳಬೇಡಿ.

ಆದರೆ ಚೌಕದಲ್ಲೇ ಒಂದು ಮೋಸ ಅಡಗಿರಬಹುದು. ಅದು ಅರ್ಥವಾಗಬೇಕಾದರೆ ನಕ್ಷೆ ಹೇಗೆ ತಯಾರಾಗುತ್ತಿತ್ತು ಎಂದು ತಿಳಿದಿರಬೇಕು.

ಮೊದಲ ಯೋಚನೆ ಪೆನ್ಸಿಲಿನಲ್ಲಿ, ದಪ್ಪ ಕಾಗದದ ಮೇಲೆ. ಅದು ಒಪ್ಪಿಗೆಯಾದ ಮೇಲೆ ಟ್ರೇಸರ್ ಅದರ ಮೇಲೆ ಟ್ರೇಸಿಂಗ್ ಕ್ಲಾತ್ ಹಾಸಿ ಶಾಯಿಯಲ್ಲಿ ಬರೆಯುತ್ತಿದ್ದ. ನಿಮಗೆ ಗಂಜಿ ಹಾಕಿದ ಬಟ್ಟೆಯಂತೆ ಕಂಡದ್ದು ಇದೇ, ಮತ್ತು ನಿಮ್ಮ ಊಹೆ ಸರಿ: ನಯವಾದ ಬಟ್ಟೆಗೆ ಗಂಜಿ ತುಂಬಿ, ಒತ್ತಿ, ಪಾರದರ್ಶಕ ಮಾಡಿದ್ದು. ಒಂದು ಮೈ ಹೊಳಪು, ಇನ್ನೊಂದು ಮಂಕು. ಬರೆಯುವ ಮುಂಚೆ ಸೀಮೆಸುಣ್ಣದ ನುಣ್ಣನೆಯ ಪುಡಿ ಉಜ್ಜಿ ಜಿಡ್ಡು ತೆಗೆಯದಿದ್ದರೆ ಶಾಯಿ ಹನಿಹನಿಯಾಗಿ ಕೂಡಿಕೊಂಡು ಗೆರೆ ಮುರಿಯುತ್ತದೆ. ರೂಲಿಂಗ್ ಪೆನ್ನಿನ ಎರಡು ಉಕ್ಕಿನ ನಾಲಿಗೆಗಳ ನಡುವಿನ ತಿರುಪು ತಿರುಗಿಸಿ ಗೆರೆಯ ದಪ್ಪ ಹೊಂದಿಸಬೇಕು. ಒಳಗೆ ಶಾಯಿ ಹೆಚ್ಚಾದರೆ ಟಿ ಸ್ಕ್ವೇರಿನ ಅಂಚಿಗೆ ಹರಿದು ದಿನದ ಕೆಲಸ ಹಾಳು. ಕಮಾನು, ವೃತ್ತಗಳು ಮೊದಲು, ನೇರ ಗೆರೆ ಆಮೇಲೆ, ಏಕೆಂದರೆ ನೇರ ಗೆರೆಯನ್ನು ಬಾಗಿದ ಗೆರೆಗೆ ಸೇರಿಸುವುದು ಸುಲಭ, ತಿರುಗುಮುರುಗು ಕಷ್ಟ. ಬಣ್ಣವನ್ನು ಹೆಚ್ಚಾಗಿ ಬಟ್ಟೆಯ ಹಿಂಬದಿಗೆ ಬಳಿಯುತ್ತಿದ್ದರು, ಶಾಯಿ ಕದಡಬಾರದೆಂದು. ಪಾಲಿಕೆಗೆ ಕೊಡುವ ನಕ್ಷೆಯಲ್ಲಿ ಹೊಸದಾಗಿ ಕಟ್ಟುವುದು ಕೆಂಪು, ಕೆಡವುವುದು ಹಳದಿ.

ತಪ್ಪಾದರೆ ಬ್ಲೇಡಿನಿಂದ ಕೆರೆದು, ಆ ಜಾಗವನ್ನು ಮತ್ತೆ ನಯ ಮಾಡಿ, ಮೇಲೆ ಬರೆಯಬೇಕು. ಕೆರೆದ ಗುರುತು ಹೋಗುವುದಿಲ್ಲ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಕೆರೆದ ಕಡೆ ಹೊಳಪು ಸತ್ತಿರುತ್ತದೆ, ನೂಲು ಕಾಣುತ್ತದೆ. ಕಚೇರಿಯ ಹೆಸರಿನ ಕೆಳಗೆ ಇಂಥ ಮಂಕು ಪಟ್ಟಿ ಕಂಡರೆ, ಪಾಲುದಾರಿಕೆ ಬದಲಾದ ಮೇಲೆ ಹಳೆಯ ಹೆಸರು ಕೆರೆದು ಹೊಸದನ್ನು ಬರೆದಿದ್ದಾರೆ. ನಕ್ಷೆ ಹಳೆಯ ಕಚೇರಿಯದು, ಹೆಸರು ಹೊಸದು. ಹಳೆಯ ಕಟ್ಟಡಕ್ಕೆ ಮಹಡಿ ಏರಿಸುವಾಗ ಹೊಸ ಪಾಲುದಾರರು ಹಳೆಯ ನಕ್ಷೆಯನ್ನು ಪೂರ್ತಿಯಾಗಿ ಮರುಟ್ರೇಸ್ ಮಾಡಿಸುವುದೂ ಸಾಮಾನ್ಯ. ಆಗ ಕೆರೆದ ಗುರುತೂ ಇರುವುದಿಲ್ಲ. ಕೆಂಪು ಬಣ್ಣ ಎಲ್ಲಿದೆ ನೋಡಿ. ಮೇಲಿನ ಮಹಡಿಗೆ ಮಾತ್ರ ಕೆಂಪು ಇದ್ದರೆ ಕೆಳಗಿನದು ಆಗಲೇ ಇದ್ದ ಕಟ್ಟಡ. ಆ ಭಾಗದ ಕರ್ತೃತ್ವವನ್ನು ಚೌಕದಲ್ಲಿರುವವರಿಗೆ ಕೊಡಬೇಡಿ.

ನೀಲಿ ಕಾಗದ ಫೆರೋ ಪ್ರಿಂಟು. ಕಬ್ಬಿಣದ ಲವಣ ಸವರಿದ ಕಾಗದದ ಮೇಲೆ ಟ್ರೇಸಿಂಗ್ ಇಟ್ಟು, ಗಾಜು ಒತ್ತಿ, ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದರೆ ಬಿಸಿಲು ಬಿದ್ದಲ್ಲೆಲ್ಲ ನೀಲಿ, ಗೆರೆಯ ಅಡಿಯಲ್ಲಿ ಬಿಳಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ ಇದು. ಒಂದು ಟ್ರೇಸಿಂಗಿನಿಂದ ಪಾಲಿಕೆಗೆ, ಗುತ್ತಿಗೆದಾರರಿಗೆ, ಸೈಟಿಗೆ, ಮಾಲೀಕರಿಗೆ ಬೇಕಾದಷ್ಟು ಪ್ರತಿ ತೆಗೆಯಬಹುದಿತ್ತು. ತಿಳಿ ಹಿನ್ನೆಲೆಯಲ್ಲಿ ನೀಲಿ ಅಥವಾ ನೇರಳೆ ಗೆರೆ ಇದ್ದರೆ ಅದು ಬೇರೆ, ಆಮೇಲೆ ಬಂದ ಅಮೋನಿಯಾ ಪ್ರಿಂಟು.

ಫೆರೋ ಪ್ರಿಂಟಿನಲ್ಲಿ ಒಂದು ವಿಷಯವನ್ನು ತಪ್ಪದೆ ಹುಡುಕಿ. ಅಚ್ಚಾದ ಬಿಳಿ ಗೆರೆಗಳ ನಡುವೆ ಕೈಯಿಂದ ಬರೆದ, ಅಂಚು ಸ್ವಲ್ಪ ಹರಡಿದ ಬಿಳಿ ಗೆರೆ ಅಥವಾ ಅಂಕಿ ಇದೆಯೇ? ಕ್ಷಾರ ಈ ನೀಲಿಯನ್ನು ಕೊಲ್ಲುತ್ತದೆ. ಅದನ್ನು ತಿಳಿದ ಕಚೇರಿಯವರು ಸೋಡಾ ನೀರಿನಲ್ಲಿ ಪೆನ್ನು ಅದ್ದಿ ಪ್ರಿಂಟಿನ ಮೇಲೆ ತಿದ್ದುಪಡಿ ಬರೆಯುತ್ತಿದ್ದರು. ಆ ತಿದ್ದುಪಡಿ ಆ ಒಂದು ಪ್ರತಿಯಲ್ಲಿ ಮಾತ್ರ ಇರುತ್ತದೆ, ಮೂಲ ಟ್ರೇಸಿಂಗಿನಲ್ಲಿ ಇಲ್ಲದೇ ಇರಬಹುದು. ಕಿಟಕಿ ಎರಡಡಿ ಸರಿದದ್ದು, ಮೆಟ್ಟಿಲು ತಿರುಗಿದ್ದು, ತೊಲೆಯ ಆಳ ಹೆಚ್ಚಿದ್ದು ಇಲ್ಲೇ ಗೊತ್ತಾಗುವುದು. ಕಟ್ಟಡ ಇದ್ದಂತೆ ಇರುವ ನಕ್ಷೆ ಬೇಕಾದರೆ ಚಂದದ ಟ್ರೇಸಿಂಗಿಗಿಂತ ಸುಣ್ಣದ ಕಲೆ ಬಿದ್ದ ಸೈಟ್ ಪ್ರತಿಯನ್ನು ನಾವು ಹೆಚ್ಚು ನಂಬುತ್ತೇವೆ.

ಅಳತೆ ತೆಗೆಯುವವರಿಗೆ ಒಂದು ಎಚ್ಚರಿಕೆ. ಹಳೆಯ ಪ್ಲಾನುಗಳಲ್ಲಿ ಎಂಟು ಅಡಿಗೆ ಒಂದು ಇಂಚು ಎಂಬ ಸ್ಕೇಲು ಸಾಮಾನ್ಯ, ಅಂದರೆ 1:96. ಇದನ್ನು ಇಂದಿನ 1:100 ಪಟ್ಟಿಯಿಂದ ಅಳೆದರೆ ಶೇಕಡಾ 4ರಷ್ಟು ತಪ್ಪು ಬರುತ್ತದೆ. 30 ಅಡಿಯ ಕೋಣೆ ನಕ್ಷೆಯಲ್ಲಿ 95.25 ಮಿಲಿಮೀಟರ್ ಇರುತ್ತದೆ. 1:100 ಎಂದು ಓದಿದರೆ 9.525 ಮೀಟರ್, ನಿಜವಾದದ್ದು 9.144 ಮೀಟರ್. 38 ಸೆಂಟಿಮೀಟರ್ ವ್ಯತ್ಯಾಸ, ಒಂದು ದಪ್ಪ ಗೋಡೆಯಷ್ಟು. ಫೆರೋ ಪ್ರಿಂಟಿನಲ್ಲಿ ಇದೂ ಸಾಲದು: ನೀರಿನಲ್ಲಿ ತೊಳೆದು ಒಣಗಿಸಿದ ಕಾಗದ ಉದ್ದಕ್ಕೆ ಒಂದು ಥರ, ಅಗಲಕ್ಕೆ ಇನ್ನೊಂದು ಥರ ಕುಗ್ಗಿರುತ್ತದೆ. ಬರೆದ ಅಂಕಿಯನ್ನೇ ಓದಿ, ಪಟ್ಟಿ ಇಟ್ಟು ಅಳೆಯಬೇಡಿ.

ಇನ್ನು ಯಾರದು ಈ ಕಟ್ಟಡ ಎಂಬ ಪ್ರಶ್ನೆ. ತಾಜ್ ಹೋಟೆಲನ್ನೇ ತೆಗೆದುಕೊಳ್ಳಿ. ಮೊದಲು ಸೀತಾರಾಂ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ, ವೈದ್ಯರು ನಡುವೆ ತೀರಿಕೊಂಡ ಮೇಲೆ ಚೇಂಬರ್ಸ್, ಗುತ್ತಿಗೆದಾರ ಸೊರಾಬ್ಜಿ ರತನ್‌ಜಿ. ನಡುವಿನ ಪ್ರಸಿದ್ಧ ಮೆಟ್ಟಿಲ ಸಾಲು ಗುತ್ತಿಗೆದಾರರದ್ದೇ ವಿನ್ಯಾಸ. ಇಲ್ಲಿ ಒಂದೇ ಹೆಸರು ಬರೆದರೆ ಯಾರಿಗೋ ಅನ್ಯಾಯ. ಬಾಂಬೆ ಸೆಂಟ್ರಲ್ ನಿಲ್ದಾಣ 1930ರ ಡಿಸೆಂಬರಿನಲ್ಲಿ ತೆರೆಯಿತು, ವಿನ್ಯಾಸ ಬ್ಯಾಟ್ಲಿ ಅವರದು, 21 ತಿಂಗಳಲ್ಲಿ ಕಟ್ಟಿದ್ದು ಶಾಪೂರ್ಜಿ ಪಲ್ಲೊಂಜಿ, ಮಾಲೀಕತ್ವ ರೈಲ್ವೆಯದು. ಇಂಥ ಕೆಲಸದ ನಕ್ಷೆ ಮೂರೂ ಕಡೆ ಹುಟ್ಟುತ್ತದೆ: ಮುಖದ ವಿನ್ಯಾಸ ಆರ್ಕಿಟೆಕ್ಟ್ ಕಚೇರಿಯಲ್ಲಿ, ಹಳಿ ಮತ್ತು ಪ್ಲಾಟ್‌ಫಾರಂ ರೈಲ್ವೆಯ ಇಂಜಿನಿಯರ್ ಕಚೇರಿಯಲ್ಲಿ, ಕಬ್ಬಿಣದ ಕಂಬಿ ಬಾಗಿಸುವ ವಿವರ ಆರ್‌ಸಿಸಿ ಕೆಲಸದವರಲ್ಲಿ. ಹಾಗಾಗಿ ಒಂದೇ ಸುರುಳಿಯಲ್ಲಿ ಬೇರೆ ಹೆಸರಿನ ಹಾಳೆ ಸಿಕ್ಕರೆ ಬೇರೆ ಇಡಬೇಡಿ. ಅದು ಆ ಕೆಲಸದ್ದೇ ಭಾಗ.

ಕಟ್ಟಡದ ಹೆಸರೂ ನಿಲ್ಲುವುದಿಲ್ಲ. ಬ್ಯಾಟ್ಲಿ ಮಲಬಾರ್ ಹಿಲ್‌ನಲ್ಲಿ ಕಟ್ಟಿದ “ಸೌತ್ ಕೋರ್ಟ್” ಇಂದು ಎಲ್ಲರ ಬಾಯಲ್ಲಿ ಜಿನ್ನಾ ಹೌಸ್. ಅವರದೇ “ವಾಂಕಾನೇರ್ ಹೌಸ್” ಅಮೆರಿಕದ ಕಾನ್ಸುಲೇಟ್ ಕೈಗೆ ಹೋಗಿ ಲಿಂಕನ್ ಹೌಸ್ ಆಯಿತು. ನಿಮ್ಮ ನಕ್ಷೆಯ ಮೇಲಿನ ಹೆಸರು ಇಂದಿನ ಮ್ಯಾಪಿನಲ್ಲಿ ಸಿಗದಿದ್ದರೆ ಗಾಬರಿ ಬೇಡ. ಸಿಟಿ ಸರ್ವೆ ನಂಬರು ಅಥವಾ ಪ್ಲಾಟ್ ನಂಬರು ಹಿಡಿದು ಹುಡುಕಿ. ಮಾಲೀಕರು ಬದಲಾದರೂ ನೆಲದ ನಂಬರು ಅಷ್ಟು ಬೇಗ ಬದಲಾಗದು.

ಕಚೇರಿಯ ಹೆಸರು ಯಾವಾಗ ಬದಲಾಯಿತು ಎಂದು ಖಚಿತ ಮಾಡಿಕೊಳ್ಳಲು ಅತ್ಯುತ್ತಮ ಜಾಗ ರಿಜಿಸ್ಟ್ರಾರ್ ಆಫ್ ಫರ್ಮ್ಸ್. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ನೋಂದಾಯಿಸಿದ ಸಂಸ್ಥೆಯ ದಾಖಲೆಯನ್ನು ಯಾರು ಬೇಕಾದರೂ ಶುಲ್ಕ ಕೊಟ್ಟು ನೋಡಬಹುದು, ಪ್ರಮಾಣಿತ ಪ್ರತಿ ಪಡೆಯಬಹುದು. ಕಲಂ 66 ಮತ್ತು 67 ಇದಕ್ಕೇ ಇವೆ. ಅಲ್ಲಿ ಪಾಲುದಾರರು ಸೇರಿದ ತಾರೀಖು, ವಿಳಾಸ, ಬದಲಾವಣೆಗಳು ಸಿಗುತ್ತವೆ. ಇಲ್ಲಿ ಎರಡು ತೊಡಕು. ನೋಂದಣಿ ಕಡ್ಡಾಯವಲ್ಲ, ಆದ್ದರಿಂದ ಅಲ್ಲಿ ಹೆಸರಿಲ್ಲದಿದ್ದರೆ ಕಚೇರಿಯೇ ಇರಲಿಲ್ಲ ಎಂದರ್ಥವಲ್ಲ. ಮತ್ತು 1932ಕ್ಕಿಂತ ಹಿಂದಿನ ಪಾಲುದಾರಿಕೆಗಳು 1872ರ ಕರಾರು ಕಾಯ್ದೆಯ ಅಡಿಯಲ್ಲಿದ್ದವು, ಇಂಥ ರಿಜಿಸ್ಟರ್ ಆಗ ಇರಲಿಲ್ಲ. ನೋಂದಾಯಿತ ಸಂಸ್ಥೆಯಿಂದ ಪಾಲುದಾರ ನಿವೃತ್ತನಾದಾಗ ಗೆಜೆಟ್ಟಿನಲ್ಲೂ ಸ್ಥಳೀಯ ಭಾಷೆಯ ಒಂದು ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು ಎಂದು ಕಲಂ 72 ಹೇಳುತ್ತದೆ. ಹಳೆಯ ಪತ್ರಿಕೆಗಳ ಸಾರ್ವಜನಿಕ ಪ್ರಕಟಣೆಯ ಅಂಕಣ ಅದಕ್ಕೇ ಉಪಯುಕ್ತ. ನಿವೃತ್ತನಾಗುವ ಪಾಲುದಾರ ಸಾಲದ ಹೊಣೆಯಿಂದ ಪಾರಾಗಲು ಈ ಪ್ರಕಟಣೆ ಬೇಕಾಗುತ್ತಿತ್ತು, ಹಾಗಾಗಿ ಇದನ್ನು ಮರೆಯುವವರು ಕಡಿಮೆ.

ಅದಕ್ಕೂ ಹಿಂದಿನ ಕಾಲಕ್ಕೆ ವರ್ಷಕ್ಕೊಮ್ಮೆ ಬರುತ್ತಿದ್ದ ಥ್ಯಾಕರ್ಸ್ ಡೈರೆಕ್ಟರಿಯಂಥ ಪುಸ್ತಕಗಳಿವೆ. ಒಂದೊಂದು ವರ್ಷದ್ದನ್ನೂ ತೆಗೆದು ಕಚೇರಿಯ ಹೆಸರು, ವಿಳಾಸ ಬರೆದುಕೊಂಡು ಹೋದರೆ ಬದಲಾವಣೆ ಯಾವ ಎರಡು ವರ್ಷದ ನಡುವೆ ಆಯಿತೆಂದು ತಿಳಿಯುತ್ತದೆ. ಡೈರೆಕ್ಟರಿಗೆ ಮಾಹಿತಿ ಹಿಂದಿನ ವರ್ಷವೇ ಹೋಗಿರುತ್ತದೆ, ಒಂದು ವರ್ಷ ಹಿಂದೆ ಮುಂದೆ ಎಣಿಸಿ. ಇಂಡಿಯನ್ ಇನ್‌ಸ್ಟಿಟ್ಯೂಟಿನ ಪತ್ರಿಕೆ 1934ರಿಂದ ಇದೆ; ಹೊಸ ಕಟ್ಟಡಗಳ ಫೋಟೊ, ಪ್ಲಾನು, ಗುತ್ತಿಗೆದಾರರ ಹೆಸರು ಅದರಲ್ಲಿ ಸಿಗುತ್ತವೆ. ಯಾರಾದರೂ ಆರ್‌ಐಬಿಎ ಸದಸ್ಯರಾಗಿದ್ದರೆ ಲಂಡನ್ನಿನಲ್ಲಿ ಅವರ ಸದಸ್ಯತ್ವದ ಅರ್ಜಿ ಇರಬಹುದು. ಯಾರ ಕೈಕೆಳಗೆ ಕಲಿತೆ, ಯಾವ ಕಟ್ಟಡ ಮಾಡಿದೆ ಎಂದು ಅರ್ಜಿದಾರ ತನ್ನ ಕೈಯಾರೆ ಬರೆದದ್ದು ಅದು. ಮುಂಬೈಯಲ್ಲಿ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿದೆ. ಸಂಸ್ಥಾನದ ಕೆಲಸವಾದರೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲೂ ಕೇಳಿ. ಕೇಳುವಾಗ ವಾಸ್ತುಶಿಲ್ಪಿಯ ಹೆಸರಿನಿಂದ ಮಾತ್ರ ಕೇಳಬೇಡಿ. ಕಡತಗಳು ಹೆಚ್ಚಾಗಿ ಇಲಾಖೆ, ಇಸವಿ, ಕೆಲಸದ ಹೆಸರಿನ ಮೇಲೆ ಜೋಡಿಸಿರುತ್ತವೆ.

ಈಗ ಸುರುಳಿಗಳ ಆರೈಕೆ. ಟ್ರೇಸಿಂಗ್ ಕ್ಲಾತಿಗೆ ನೀರು ವಿಷ. ಒಂದು ಹನಿ ಬಿದ್ದರೂ ಗಂಜಿ ಕರಗಿ ಬಿಳಿ ಕಲೆ ಆಗುತ್ತದೆ, ಬಟ್ಟೆ ಮುದುಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಉಸಿರು ಬಿಟ್ಟು ಉಜ್ಜಬೇಡಿ. ಗಂಜಿಯ ಆಸೆಗೆ ಬೆಳ್ಳಿಮೀನು ಹುಳ ಬರುತ್ತದೆ, ಕರಾವಳಿಯ ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಮಣ್ಣಿನ ನೆಲ, ಹೊರಗೋಡೆಗೆ ತಾಗಿದ ಕಪಾಟು ಬೇಡ. ಬಿಚ್ಚುವ ಕೆಲಸವನ್ನು ಒಣ ಹವೆಯ ದಿನ ಮಾಡಿ. ದೊಡ್ಡ ಮೇಜಿನ ಮೇಲೆ ಸ್ವಚ್ಛ ಬಟ್ಟೆ ಹಾಸಿ, ಒಂದು ಗೇಣು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ ಪುಸ್ತಕದಂಥ ಭಾರ ಇಟ್ಟು ಬಿಡಿ. ಅದು ಒಗ್ಗಿದ ಮೇಲೆ ಇನ್ನೊಂದು ಗೇಣು. ಕಾಗದ ಚಟ್ ಎಂದರೆ ಅಲ್ಲಿಗೆ ನಿಲ್ಲಿಸಿ, ಪತ್ರ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಫೆರೋ ಪ್ರಿಂಟು ಬೆಳಕಿನಲ್ಲಿ ಮಾಸುತ್ತದೆ, ಕ್ಷಾರದಲ್ಲಿ ಅಳಿಸಿಹೋಗುತ್ತದೆ. ಆರ್ಕೈವಲ್ ಎಂದು ಮಾರುವ ಕಾಗದಗಳಲ್ಲಿ ಹಲವಕ್ಕೆ ಆಮ್ಲ ತಡೆಯಲೆಂದು ಸುಣ್ಣದ ಅಂಶ ಸೇರಿಸಿರುತ್ತಾರೆ. ಬೇರೆ ಕಾಗದಕ್ಕೆ ಅದು ಒಳ್ಳೆಯದು, ಫೆರೋ ಪ್ರಿಂಟಿಗೆ ಕೆಟ್ಟದು. ಸುಣ್ಣ ಸೇರಿಸದ, ತಟಸ್ಥ ಕಾಗದವನ್ನೇ ಕೇಳಿ ತನ್ನಿ. ಅಮೋನಿಯಾ ಪ್ರಿಂಟುಗಳನ್ನು ಫೆರೋ ಜೊತೆ ಒಂದೇ ಸುರುಳಿಯಲ್ಲಿ ಇಡಬೇಡಿ. ಹಳೆಯ ಪತ್ರಿಕೆಯಲ್ಲಿ ಸುತ್ತುವುದೂ ಬೇಡ, ಅದರ ಆಮ್ಲ ಇಳಿಯುತ್ತದೆ. ಮಟ್ಟಸವಾಗಿ ಇಡಲು ಜಾಗವಿಲ್ಲದಿದ್ದರೆ ನಾಲ್ಕು ಇಂಚಿಗೆ ಕಮ್ಮಿಯಿಲ್ಲದ ದಪ್ಪದ ಕೊಳವೆಯ ಹೊರಗೆ ಸಡಿಲವಾಗಿ ಸುತ್ತಿ, ಮೇಲೆ ಒಗೆದ ಹತ್ತಿ ಬಟ್ಟೆ ಕಟ್ಟಿ. ಕೊಳವೆಯ ಒಳಗೆ ತುರುಕಿದರೆ ತೆಗೆಯುವಾಗ ಅಂಚು ಹರಿಯುತ್ತದೆ.

ಫೋಟೊ ತೆಗೆಯುವಾಗ ಹಾಳೆಯ ಒಂದು ಉದ್ದಂಚು, ಒಂದು ಅಡ್ಡಂಚು ಎರಡಕ್ಕೂ ಪಟ್ಟಿ ಇಟ್ಟು ತೆಗೆಯಿರಿ, ಕುಗ್ಗಿದ್ದು ಆಮೇಲೆ ಲೆಕ್ಕಕ್ಕೆ ಸಿಗಬೇಕು. ಒಮ್ಮೆ ನೇರ ಬೆಳಕಿನಲ್ಲಿ, ಒಮ್ಮೆ ಪಕ್ಕದಿಂದ ಬೀಳುವ ಬೆಳಕಿನಲ್ಲಿ. ಕೆರೆದ ಗುರುತು ಎರಡನೆಯದರಲ್ಲಿ ಕಾಣುತ್ತದೆ. ಹಿಂಬದಿಯನ್ನೂ ತೆಗೆಯಿರಿ. ಉರುಳೆಯ ನಡುವೆ ಎಳೆಯುವ ಸ್ಕ್ಯಾನರಿಗೆ ಬಿರುಸಾದ ಹಾಳೆ ಕೊಡಬೇಡಿ. ಹಾಳೆಯ ಮೇಲೆ ಏನಾದರೂ ಬರೆಯಬೇಕಾದರೆ ಹಿಂದೆ, ಮೂಲೆಯಲ್ಲಿ, ಮೆದು ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಮಾತ್ರ. ಯಾವ ಹಾಳೆ ಯಾವ ಸುರುಳಿಯಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದನ್ನು ಬಿಚ್ಚುವ ಮೊದಲೇ ಬರೆದಿಡಿ. ನಿಮ್ಮ ತಾತ ಒಟ್ಟಿಗೆ ಸುತ್ತಿದ್ದರೆ ಅದಕ್ಕೊಂದು ಕಾರಣ ಇದ್ದಿರುತ್ತದೆ.

ಕೊನೆಗೆ ಚೌಕದ ಆ ಎರಡನೆಯ ಖಾನೆ, ಟ್ರೇಸ್ ಮಾಡಿದವರದು. ಅಲ್ಲಿ ಎರಡು ಮೂರು ಅಕ್ಷರದ ಇನಿಶಿಯಲ್ ಇರುತ್ತದೆ. ಕಚೇರಿಗಳ ಚರಿತ್ರೆ ಬರೆದವರು ಪಾಲುದಾರರ ಹೆಸರು ಬರೆದರು. ಗೆರೆ ಎಳೆದವರ ಹೆಸರು ಉಳಿದಿದ್ದರೆ ಈ ಖಾನೆಯಲ್ಲಿ ಮಾತ್ರ. ಎಲ್ಲ ಹಾಳೆಗಳನ್ನೂ ನೋಡಿ ಒಂದು ಪಟ್ಟಿ ಮಾಡಿ: ಇನಿಶಿಯಲ್, ನಕ್ಷೆ ನಂಬರು, ತಾರೀಖು, ಕೆಲಸದ ಹೆಸರು, ಆ ದಿನದ ಕಚೇರಿಯ ಹೆಸರು. ತಾತನ ಇನಿಶಿಯಲ್ ಇರುವ ಹಾಳೆಗಳಲ್ಲಿ 2, 4, 7 ಅಂಕಿಗಳನ್ನು ಗಮನಿಸಿ. ಅಕ್ಷರವನ್ನು ಕಚೇರಿಯ ಶೈಲಿಗೆ ತಿದ್ದಿದ ಕೈ ಅಂಕಿಯಲ್ಲಿ ಹಳೆಯ ರೂಢಿಯನ್ನು ಬಿಡುವುದಿಲ್ಲ. ಮನೆಯಲ್ಲಿರುವ ಅವರ ಲೆಕ್ಕದ ಪುಸ್ತಕ, ಕಾಗದಗಳ ತಾರೀಖಿನ ಜೊತೆ ಆ ಅಂಕಿಗಳನ್ನು ಹೋಲಿಸಿದರೆ ಇನಿಶಿಯಲ್ ಇಲ್ಲದ ಹಾಳೆಗಳಲ್ಲೂ ಅವರ ಕೈಯನ್ನು ಗುರುತಿಸಬಹುದು. ಆ ಪಟ್ಟಿಯ ಒಂದು ಪ್ರತಿಯನ್ನು ಸುರುಳಿಗಳ ಜೊತೆಗೇ ಇಡಿ, ಇನ್ನೊಂದನ್ನು ಬೇರೆ ಮನೆಯಲ್ಲಿ ಇಡಿ.